ಹೂವಿನ ರೇಟು, ಕಣದ ಜೋಳ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ದಸರಾ ಹಿಂದಿನ ದಿನ ಚೆಂಡುಹೂವಿನ ರೇಟು ಕೇಳಿ ನೋಡ್ರಿ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಹಬ್ಬ ಮುಗಿದ ಮೇಲೆ ಅದೇ ಹೂವು ರಸ್ತೆ ಬದಿಯ ರಾಶಿ. ಹೂವಿನ ವ್ಯಾಪಾರ ಅಂದರೆ ಹಿಂಗೇ ಅಂತ ನಾವು ಒಪ್ಪಿಕೊಂಡುಬಿಟ್ಟೀವಿ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಹೂವಿಗೆ ದಿನದ ರೇಟು ಅನ್ನೋದೇ ಇರಲಿಲ್ಲ.

ಹೂಗಾರರು ಮನೆಮನೆಗೆ ಹೂಪತ್ರಿ ಕೊಡುತ್ತಿದ್ದರು. ಅವತ್ತೇ ರೊಕ್ಕ ಎಣಿಸೋದಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಒಯ್ಯೋದು. ಇದು ಆಯ. ನಮ್ಮ ಆಫೀಸಿನ ಭಾಷೆಯಲ್ಲಿ ವಾರ್ಷಿಕ ಸಬ್‌ಸ್ಕ್ರಿಪ್ಷನ್. 12ನೇ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನ ಹೆಸರಿದೆ. ಕಸುಬು ಅಷ್ಟು ಹಳೆಯದು. ಗುಡಿಗಳದ್ದು ಬೇರೆ ಲೆಕ್ಕ: ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವರ ಹೂದೋಟಕ್ಕೆಂದೇ ಭೂಮಿ ಬಿಟ್ಟದ್ದು ಸಿಗುತ್ತದೆ. ದೊಡ್ಡ ಪೇಟೆಗಳಲ್ಲಿ ಮಾತ್ರ ವ್ಯಾಪಾರ ಜೋರಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್, ಇಲ್ಲಿಯ ಜನಕ್ಕೆ ಊಟದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿದ್ದಾನೆ.

ಆಯದಲ್ಲಿ ಜಾತಿಯ ಕಟ್ಟು ಇತ್ತು, ಮಗ ಅಪ್ಪನ ಬುಟ್ಟಿಯನ್ನೇ ಹೊರಬೇಕಿತ್ತು. ಅದನ್ನ ಹಾಡಿ ಹೊಗಳೋ ಆಸೆ ನನಗಿಲ್ಲ. ಆದರೆ ಒಂದಿನ ಹೂವು ಬಾಡಿತು ಅಂತ ವರ್ಷದ ಜೋಳ ತಪ್ಪುತ್ತಿರಲಿಲ್ಲ.

ಈಗ ಬಾಡಿದ್ದೆಲ್ಲ ಬೆಳೆದವನ ಲೆಕ್ಕಕ್ಕೆ. ನಸುಕಿನಲ್ಲಿ ಸೇವಂತಿಗೆ ಚೀಲ ದಲಾಲರ ಅಂಗಡಿ ಮುಟ್ಟಬೇಕು. ಬಿಡಿ ಮಾರುವವರು, ಮಾಲೆ ಕಟ್ಟುವವರು, ಮಂಟಪ ಅಲಂಕಾರದವರು ಅಲ್ಲೇ ಕೊಳ್ಳುತ್ತಾರೆ; ದಲಾಲಿ ಮುರಿದುಕೊಂಡು ಉಳಿದದ್ದು ರೈತನಿಗೆ. ಅಮರಗೋಳದ ಎಪಿಎಂಸಿಗೆ ಒಯ್ಯೋ ಜೋಳವಾದರೆ ರೇಟು ಏರೋತನಕ ಮನೆಯಲ್ಲೇ ಇಡಬಹುದು. ಹೂವು ಎಲ್ಲಿ ಇಡೋದು? ಅದು ದಲಾಲನಿಗೂ ಗೊತ್ತು. ಮುಂಗಡ ಈಸ್ಕೊಂಡಿದ್ದರಂತೂ ಬೇರೆ ಅಂಗಡಿ ಹತ್ತೋ ಮಾತೇ ಇಲ್ಲ. ಉಡುಪಿ ಕಡೆ ಶಂಕರಪುರ ಮಲ್ಲಿಗೆಗೆ ಅಳತೆಯಾದರೂ ಗಟ್ಟಿ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ದಿನಕ್ಕೊಂದು ರೇಟು ಎಲ್ಲರ ಕಿವಿಗೂ ಬೀಳುತ್ತದೆ.

2020ರ ಲಾಕ್‌ಡೌನಿನಲ್ಲಿ ಗುಡಿ ಮುಚ್ಚಿದವು, ಮದುವೆ ನಿಂತವು. ರೈತರು ನಿಂತ ಹೂವಿನ ಮೇಲೆ ಟ್ರ್ಯಾಕ್ಟರ್ ಹೊಡೆದರು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪರಿಹಾರ ಘೋಷಿಸಿತು: ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಸೀಮಿತ. ಎಕರೆ ಲೆಕ್ಕ ಹಾಕಿದರೆ ಸುಮಾರು ಹತ್ತು ಸಾವಿರ.