ವರ್ಷದ ಋತುಮಾನ ಮತ್ತು ನಮ್ಮ ಮನೆಯ ಕಂಬಳಿ

ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ಜಮಾ-ಖರ್ಚಿನ ಮಾತು ವರದಿಯಲ್ಲಿ ಬಂದೇ ಇದೆ. ನಾವಿಲ್ಲಿ ಬರೆಯಹೊರಟಿರುವುದು ಸಂಘಕ್ಕಿಂತ ಬಹಳ ಹಳೆಯದಾದ ಕಂಬಳಿಯ ಚರಿತ್ರೆ. ಓದುವ ಮಕ್ಕಳಿಗೆ ಇದು ಗೊತ್ತಿರಲಿ ಎಂಬುದೇ ನಮ್ಮ ಆಸೆ.

ನಮ್ಮ ಚಳ್ಳಕೆರೆ ಸೀಮೆ ಮಳೆ ಕಡಿಮೆ ಇರುವ ನಾಡು. ಬೆಳೆ ಕೈಕೊಟ್ಟರೂ ಕುರಿ ಕೈಬಿಡುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ದಖನಿ ಕುರಿಯ ತುಪ್ಪಟ ಕಪ್ಪು, ಒರಟು. ಕಾಲುಚೀಲ, ಸ್ವೆಟರ್ ಹೆಣೆಯಲು ಅದು ಒಗ್ಗದು, ಮೈಗೆ ಚುಚ್ಚುತ್ತದೆ. ಆದರೆ ಕಂಬಳಿಗೆ ಅದರಂಥದ್ದು ಬೇರೆ ಇಲ್ಲ. ಈ ಕಸುಬು ನಿನ್ನೆ ಮೊನ್ನೆಯದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಕುರುಬರ ಕಂಬಳಿ ನೇಯ್ಗೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮೈಲಾರಲಿಂಗನ ಗೊರವಯ್ಯಗಳು ಹೊದೆಯುವುದೂ ಈ ಕರಿ ಕಂಬಳಿಯನ್ನೇ. ಮದುವೆ, ದೇವರ ಕಾರ್ಯಗಳಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡುವುದು ಇಂದಿಗೂ ಉಂಟು. ಕಂಬಳಿಗೆ ಮೈಲಿಗೆ ಇಲ್ಲ ಎಂಬುದು ನಮ್ಮವರ ನಂಬಿಕೆ.

ಕಂಬಳಿ ಮನೆಗೆ ವರ್ಷವೆಂದರೆ ಒಂದೊಂದು ಕಾಲಕ್ಕೆ ಒಂದೊಂದು ಕೆಲಸ. ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸುವುದು ರೂಢಿ. ಒಂದು ಕುರಿಯಿಂದ ಒಂದು ಸಲಕ್ಕೆ ಅರ್ಧ ಕೆ.ಜಿ. ದಾಟುವುದು ಅಪರೂಪ, ಹಾಗಾಗಿ ಒಂದು ಕಂಬಳಿಗೆ ನಾಲ್ಕಾರು ಕುರಿಗಳ ತುಪ್ಪಟ ಬೇಕೇ ಬೇಕು. ಮರಿಯ ಮೊದಲ ತುಪ್ಪಟ ಮೆತ್ತಗಿರುತ್ತದೆ, ಅದರ ಕಂಬಳಿಗೆ ಬೆಲೆಯೂ ಹೆಚ್ಚು. ಮಳೆ ಹಿಡಿದಾಗ, ಚಳಿ ಬಿದ್ದಾಗ ಹೆಣ್ಣುಮಕ್ಕಳು ಒಳಗೆ ಕೂತು ಹಿಂಜಿದ ತುಪ್ಪಟವನ್ನು ನೂಲುತ್ತಿದ್ದರು. ಅಜ್ಜಿ ರಾಟೆ ತಿರುವಿದರೆ ಸೊಸೆ ಹಂಜಿ ಮಾಡಿ ಕೊಡುವಳು, ಮಕ್ಕಳು ಪಕ್ಕದಲ್ಲಿ ಕಥೆ ಕೇಳುತ್ತಾ ನಿದ್ದೆ ಹೋಗೋರು. ಕೆಲಸ ಅಂತ ಅನ್ನಿಸ್ತಿರಲಿಲ್ಲ, ಹೊತ್ತು ಹೋದದ್ದೇ ಗೊತ್ತಾಗ್ತಿರಲಿಲ್ಲ.

ಬಿಸಿಲು ಏರಿತೆಂದರೆ ಕೆಲಸ ಬೀದಿಗೆ ಬರುತ್ತಿತ್ತು. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕಾಯಿಸಿದ ಗಂಜಿಯನ್ನು ಬೀದಿಯುದ್ದ ಎಳೆದು ಕಟ್ಟಿದ ಹಾಸಿಗೆ ಬಳಿಯುತ್ತಿದ್ದರು. ಈ ಗಂಜಿ ಬಿಸಿಲಿಗೆ ಒಣಗಿ ನೂಲಿಗೆ ಬಿಗಿ ಕೊಡಬೇಕು, ಮೋಡ ಕವಿದರೆ ಕೆಲಸ ಕೆಟ್ಟಿತು. ಆಮೇಲೆ ಗಂಡಸರು ಕುಣಿ ಮಗ್ಗಕ್ಕೆ ಇಳಿದು ಲಾಳಿ ಆಡಿಸೋರು. ಮಿರಗ, ಆರಿದ್ರಾ ಮಳೆ ಬರುವ ಮುಂಚೆ ಕಂಬಳಿ ಮಲೆನಾಡು ಸೇರಬೇಕು. ಅಲ್ಲಿ ನಾಟಿ ಮಾಡುವವರಿಗೆ ಕಂಬಳಿ ಕೊಪ್ಪೆಯೇ ಕೊಡೆ. ನಮ್ಮ ಬಿಸಿಲಲ್ಲಿ ನೇಯ್ದದ್ದು ಅವರ ಮಳೆಯನ್ನು ತಡೆಯುತ್ತಿತ್ತು.

ತೊಂದರೆ ಇದ್ದದ್ದು ದುಡ್ಡಿನಲ್ಲಿ. ತುಪ್ಪಟ ಕೊಳ್ಳುವುದು ಒಂದು ಕಾಲ, ಕಂಬಳಿ ಮಾರುವುದು ಇನ್ನೊಂದು ಕಾಲ. ನಡುವೆ ಸಾಲ ಕೊಟ್ಟ ಸಾಹುಕಾರ ಹೇಳಿದ್ದೇ ಬೆಲೆ. ಇಂಥ ಕಷ್ಟಕ್ಕೆ ಮದ್ದಾಗಿಯೇ ಸಹಕಾರ ಹುಟ್ಟಿದ್ದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ದಾರಿ ತೋರಿದರು. ನಮ್ಮ ಸಂಘವೂ ಅದೇ ದಾರಿಯಲ್ಲಿ ತುಪ್ಪಟಕ್ಕೆ ಮುಂಗಡ ಕೊಟ್ಟಿತು, ಕಂಬಳಿ ಕೊಂಡಿತು.

ಆದರೆ ಒಂದು ತಪ್ಪನ್ನು ನಾವು ಒಪ್ಪಿಕೊಳ್ಳಲೇಬೇಕು. ಸದಸ್ಯತ್ವ ಕೊಡುವಾಗ ಮಗ್ಗ ಇದ್ದವರ ಹೆಸರು ಬರೆದೆವು. ರಾಟೆ ಇದ್ದವರ ಹೆಸರು ಬರೆಯಲಿಲ್ಲ. ಕಂಬಳಿಯ ಬೆಲೆ ಕಟ್ಟುವಾಗ ನೇಯ್ಗೆ ಕೂಲಿ ಎಣಿಸಿದೆವು, ನೂಲುವುದು ಮನೆ ಕೆಲಸ ಎಂದು ಬಿಟ್ಟೆವು. ಅದರ ಫಲ ಈಗ ಕಾಣುತ್ತಿದೆ. ಮಗ್ಗ ಹಾಳಾಗುವ ಮೊದಲೇ ರಾಟೆಗಳು ಅಟ್ಟ ಸೇರಿದವು. ಹೊಟ್ಟೆ ತುಂಬದ ಕೆಲಸಕ್ಕೆ ಮಗಳು ಯಾಕೆ ಕೂರ್ತಾಳೆ?

ಹೊರಗಿನ ಕಾರಣಗಳೂ ಇವೆ. ಹಳೆ ಉಣ್ಣೆ ಬಟ್ಟೆ ಬಿಡಿಸಿ ಮಾಡುವ ಪಾಣಿಪತ್ತಿನ ಅಗ್ಗದ ಬ್ಲಾಂಕೆಟ್ಟು ಸಂತೆಗೆ ಬಂತು. ಮಲೆನಾಡಿಗೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಮಾಂಸಕ್ಕೆ ಬೆಲೆ ಏರಿ, ತುಪ್ಪಟವಿಲ್ಲದ ನೆಲ್ಲೂರು ತಳಿ ದೊಡ್ಡಿಗೆ ಬಂತು. 2010ರ ಸುಮಾರಿಗೆ ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಸಾವಿರಾರು ಎಕರೆ ಬೇರೆ ಯೋಜನೆಗಳಿಗೆ ಹಂಚಿಕೆಯಾಗಿ, ಕುರಿ ಮೇಯುವ ನೆಲವೂ ಕಿರಿದಾಯಿತು.

ಇವೆಲ್ಲಾ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದೇ: ನೂಲುವ ತಾಯಂದಿರನ್ನು ಸದಸ್ಯರನ್ನಾಗಿ ಮಾಡಿಕೊಂಡು, ನೂಲಿಗೆ ತೂಕದ ಲೆಕ್ಕದಲ್ಲಿ ಕೂಲಿ ಕೊಡುವುದು. ಬೆಳ್ಳಿಹಬ್ಬದ ಹೊತ್ತಿನಲ್ಲಿ ಸರ್ವ ಸದಸ್ಯರ ಸಭೆ ಇದನ್ನು ತೀರ್ಮಾನಿಸಲಿ ಎಂದು ವಿನಂತಿ. ಅಟ್ಟದ ಮೇಲಿನ ರಾಟೆ ಕೆಳಗಿಳಿದರೆ ಮಗ್ಗವೂ ಉಳಿದೀತು.