ಕಬ್ಬಿಣದ ನೆರಳಿನಲ್ಲಿ ದೂರದ ಅಳತೆ: ಹುಬ್ಬಳ್ಳಿ–ಧಾರವಾಡದ ಶೆಡ್ಡುಗಳಲ್ಲಿ ಚಾಲಕರಹಿತ ಗಾಡಿಯ ಸ್ಥಾನನಿರ್ಣಯ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಹುಟ್ಟಿದ್ದು. ಟಾಟಾ ಮಾರ್ಕೊಪೊಲೊ ಎಂಬ ಹೆಸರಿನಿಂದ ಜನರಿಗೆ ಪರಿಚಿತವಾದ ಧಾರವಾಡದ ಬಸ್ ಕಾರ್ಖಾನೆ ಈ ಶತಮಾನದ್ದು. ವಯಸ್ಸಿನಲ್ಲಿ ಇಷ್ಟು ಅಂತರವಿದ್ದರೂ ರೇಡಿಯೊ ತರಂಗಕ್ಕೆ ಇಂಥ ಜಾಗಗಳೆಲ್ಲ ಹೆಚ್ಚುಕಡಿಮೆ ಒಂದೇ: ಮೇಲೆ ತಗಡು, ನಡುವೆ ಕಂಬಗಳ ಸಾಲು, ಇವತ್ತು ಇಲ್ಲಿ ನಾಳೆ ಅಲ್ಲಿ ನಿಲ್ಲುವ ಬೋಗಿ, ಬಸ್ಸುಗಳೆಂಬ ದೊಡ್ಡ ಲೋಹದ ಪೆಟ್ಟಿಗೆಗಳು. ಇಂಥ ಕಡೆ ಬಿಡಿಭಾಗ ಹೊತ್ತು ತಾನಾಗಿ ಓಡಾಡಬೇಕಾದ ಗಾಡಿಗೆ ತಾನೆಲ್ಲಿದ್ದೇನೆಂದು ಗೊತ್ತಿರಬೇಕು. ಉಪಗ್ರಹದ ಸಂಕೇತವನ್ನು ತಗಡಿನ ಚಾವಣಿ ತಡೆಯುತ್ತದೆ. ಒಳಗೇ ರೇಡಿಯೊ ನೆಲೆಗಳನ್ನು ನಿಲ್ಲಿಸೋಣವೆಂದರೆ, ಲೋಹ ಅಳತೆಯನ್ನು ಕೆಡಿಸುತ್ತದೆ ಎಂಬ ಆಕ್ಷೇಪ ಕೂಡಲೇ ಏಳುತ್ತದೆ. ಲೋಹ ಅಳತೆಯನ್ನು ಕೆಡಿಸುವುದು ನಿಜ. ಆದರೆ ಕೆಡಿಸುವುದು ಒಂದೇ ದಿಕ್ಕಿಗೆ. ಅಡ್ಡ ಬಂದ ಬೋಗಿ ತರಂಗದ ದಾರಿಯನ್ನು ಉದ್ದ ಮಾಡೀತೇ ಹೊರತು ಗಿಡ್ಡ ಮಾಡಲಾರದು. ಈ ಏಕಮುಖ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇಂಥ ಶೆಡ್ಡಿನಲ್ಲೂ ರೇಡಿಯೊ ನಂಬಬಹುದಾದ ಸಾಕ್ಷಿಯಾಗುತ್ತದೆಂಬುದು ನನ್ನ ವಾದ.

ಒಳಾಂಗಣದ ರೇಡಿಯೊ ಸ್ಥಾನನಿರ್ಣಯ ಮೊದಲು ನೆಚ್ಚಿದ್ದು ಸಂಕೇತದ ಬಲವನ್ನು. 2000ದಲ್ಲಿ ಪರಮವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ ಪ್ರಕಟಿಸಿದ ‘ರಾಡಾರ್’ ವ್ಯವಸ್ಥೆ ಆಫೀಸು ಕಟ್ಟಡದಲ್ಲಿ 2ರಿಂದ 3 ಮೀಟರ್ ಮಧ್ಯಾಂಕ ದೋಷದೊಳಗೆ ಜಾಗ ಹೇಳಿತು. ಅದೇ ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಸಹೋದ್ಯೋಗಿಗಳೊಂದಿಗೆ, ಆ ವ್ಯವಸ್ಥೆಗೆ ಬೇಕಿದ್ದ, ಕಟ್ಟಡವನ್ನೆಲ್ಲ ಮೊದಲೇ ಅಳೆದಿಡುವ ಶ್ರಮವನ್ನು ತಪ್ಪಿಸುವ ದಾರಿ ಹುಡುಕಿದರು. ಮನುಷ್ಯನಿಗೆ ಕೋಣೆ ತೋರಿಸಲು 3 ಮೀಟರ್ ಸಾಕು, ಕಂಬಗಳ ನಡುವೆ ನುಸುಳುವ ಗಾಡಿಗೆ ಸಾಲದು. ಹಾಗಾಗಿ ಬಲವನ್ನು ಬಿಟ್ಟು ಕಾಲವನ್ನು ಅಳೆಯಬೇಕು. ಒಂದು ನ್ಯಾನೊಸೆಕೆಂಡಿನಲ್ಲಿ ತರಂಗ 30 ಸೆಂಟಿಮೀಟರ್ ಸಾಗುತ್ತದೆ. 20 ಮೆಗಾಹರ್ಟ್ಸ್ ಅಗಲದ ವೈಫೈ ವಾಹಿನಿಯಲ್ಲಿ, ದಾರಿಯುದ್ದದಲ್ಲಿ ಸುಮಾರು 15 ಮೀಟರಿಗಿಂತ ಕಡಿಮೆ ವ್ಯತ್ಯಾಸವಿರುವ ಪ್ರತಿಫಲನಗಳು ಒಂದರೊಳಗೊಂದು ಬೆರೆತುಹೋಗುತ್ತವೆ. 500 ಮೆಗಾಹರ್ಟ್ಸ್ ಅಗಲದ ಅಲ್ಟ್ರಾ ವೈಡ್‌ಬ್ಯಾಂಡಿನಲ್ಲಿ ಆ ಮಿತಿ ಸುಮಾರು 60 ಸೆಂಟಿಮೀಟರಿಗೆ ಇಳಿಯುತ್ತದೆ. ಮೊದಲು ಬಂದ ತರಂಗವನ್ನು ಹಿಂದಿನಿಂದ ಬಂದ ಮಾರ್ದನಿಗಳಿಂದ ಬೇರ್ಪಡಿಸಬಹುದು. ಗಡಿಯಾರದ ತೊಡಕೂ ಇದೆ. ಎರಡು ಗಡಿಯಾರಗಳ ವೇಗದಲ್ಲಿ ದಶಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದು, ಉತ್ತರ ಬರುವುದು 1 ಮಿಲಿಸೆಕೆಂಡ್ ತಡವಾದರೆ, ಒಮ್ಮೆ ಹೋಗಿ ಬರುವ ಅಳತೆಯಲ್ಲಿ 3 ಮೀಟರ್ ತಪ್ಪು ಸೇರುತ್ತದೆ. ಇನ್ನೊಂದು ಸಂದೇಶ ಕಳಿಸಿ ಎರಡೂ ಬದಿಯಿಂದ ಅಳೆದರೆ ಅದು ಬಹುಪಾಲು ಕಳೆದುಹೋಗುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಬೋಗಿಯ ಮರೆ. 20 ಮೀಟರ್ ಉದ್ದದ ಹಾದಿಯ ಎರಡೂ ತುದಿಗೆ ಒಂದೊಂದು ನೆಲೆ ಇದೆ ಎನ್ನೋಣ. ಗಾಡಿಗೆ ಮೊದಲ ನೆಲೆ 12 ಮೀಟರ್, ಎರಡನೆಯದು 9 ಮೀಟರ್ ಎಂದು ಕಾಣುತ್ತದೆ. ಸಣ್ಣಪುಟ್ಟ ಕಂಪನವನ್ನು ಬದಿಗಿಟ್ಟು ನೋಡಿದರೆ, ಮೊತ್ತ 21 ಆಗಿರುವುದೇ ಎಲ್ಲೋ ಮರೆಯಿದೆ ಎಂಬುದಕ್ಕೆ ಪುರಾವೆ. ಸರಾಸರಿಯ ಲೆಕ್ಕ ಗಾಡಿಯನ್ನು 11.5 ಮೀಟರಿನಲ್ಲಿ ನಿಲ್ಲಿಸಿ, ತಪ್ಪನ್ನು ಎರಡೂ ಕಡೆ ಸಮನಾಗಿ ಹಂಚಿ ಸುಮ್ಮನಾಗುತ್ತದೆ. ನಿಜವಾಗಿ ನಮಗೆ ತಿಳಿದಿರುವುದು ಗಾಡಿ ಮೊದಲ ನೆಲೆಯಿಂದ 12 ಮೀಟರಿಗಿಂತ ದೂರವಿಲ್ಲ, ಎರಡನೆಯದರಿಂದ 9 ಮೀಟರಿಗಿಂತ ದೂರವಿಲ್ಲ, ಅಂದರೆ 11ರಿಂದ 12ರ ನಡುವೆ ಎಲ್ಲೋ ಇದೆ ಎಂಬುದಷ್ಟೇ. ಗಾಡಿಯ ಚಕ್ರ ಎಷ್ಟು ಸುತ್ತಿತೆಂಬ ಎಣಿಕೆ 11.1 ಮೀಟರ್ ಎಂದರೆ ಮೊದಲ ನೆಲೆಗೇ ಮರೆಯಾಗಿದೆ ಎಂದು ತೀರ್ಮಾನಿಸಬಹುದು. ಎರಡೂ ಕಡೆ ಮರೆಯಾದಾಗ ಈ ವಲಯ ಹಿಗ್ಗುತ್ತದೆ, ಆದರೂ ಗಾಡಿ ಅದರೊಳಗೇ ಇರುತ್ತದೆ. ಹಿಗ್ಗಿದಷ್ಟೂ ವೇಗ ತಗ್ಗಿಸಬೇಕೆಂಬ ಸೂಚನೆಯೂ ಅದರಲ್ಲೇ ಸಿಗುತ್ತದೆ. ಆಂಟೆನಾದೊಳಗಿನ ವಿಳಂಬವನ್ನು ಇರುವುದಕ್ಕಿಂತ ಹೆಚ್ಚಾಗಿ ಕಳೆದರೆ ಮಾತ್ರ ಅಳತೆ ನಿಜಕ್ಕಿಂತ ಕಡಿಮೆ ಬಂದು ಈ ತರ್ಕವೇ ಕುಸಿಯುತ್ತದೆ. ಆದ್ದರಿಂದ ಅಳವಡಿಸುವ ದಿನದ ಹೊಂದಾಣಿಕೆಯಲ್ಲಿ ಅವಸರ ಸಲ್ಲದು.

ಲೇಸರ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ತೂಕದ್ದು. ಲೇಸರಿಗೆ ಹೊಸ ನೆಲೆಗಳು ಬೇಕಿಲ್ಲ, ನಿಖರತೆಯೂ ಹೆಚ್ಚು. ಆದರೆ ಅದು ಜಾಗ ಗುರುತಿಸುವುದು ಆಕಾರದಿಂದ, ಸಮಾನ ಅಂತರದ ಕಂಬಗಳ ಶೆಡ್ಡಿನಲ್ಲಿ ಒಂದು ಅಂಕಣಕ್ಕೂ ಮುಂದಿನದಕ್ಕೂ ಆಕಾರದಲ್ಲಿ ಭೇದವಿಲ್ಲ. ಗೋಡೆಯನ್ನು ಬೋಗಿಗಳು ಮುಚ್ಚಿದ ದಿನ ಗಾಡಿ ಪೂರಾ ಒಂದು ಅಂಕಣ ತಪ್ಪಿ, ತಾನು ಸರಿಯಾಗಿದ್ದೇನೆಂದೇ ನಂಬಬಹುದು. ರೇಡಿಯೊ ನೆಲೆಗಾದರೋ ಹೆಸರಿದೆ. ಪ್ರತಿ ಸಂದೇಶದಲ್ಲೂ ತನ್ನ ಸಂಖ್ಯೆ ಹೇಳುತ್ತದೆ. ಅರ್ಧ ಮೀಟರ್ ಅನುಮಾನವುಳ್ಳ ರೇಡಿಯೊ ಅಂಕಣವನ್ನು ಹೇಳಲಿ, ಸೆಂಟಿಮೀಟರನ್ನು ಲೇಸರ್ ಹೇಳಲಿ. ನೆಲಕ್ಕೆ ಸಂಕೇತಚೀಟಿ ಅಂಟಿಸುವ ಪದ್ಧತಿ ಉಗ್ರಾಣಗಳಲ್ಲಿ ಗೆದ್ದಿದೆ, 2012ರಲ್ಲಿ ಅಮೆಜಾನ್ ಕೊಂಡ ಕೀವಾ ಕಂಪನಿಯ ಗಾಡಿಗಳು ಹಾಗೇ ಓಡುತ್ತಿದ್ದವು. ಗ್ರೀಸು, ವೆಲ್ಡಿಂಗ್ ಕಿಡಿ, ಬೇಸಿಗೆಯ ಎರೆಮಣ್ಣಿನ ಧೂಳು ಇರುವ ನೆಲದಲ್ಲಿ ಆ ಚೀಟಿ ಬಾಳುವುದು ಕಷ್ಟ. ಎದುರಿಗೆ ಮನುಷ್ಯ ಬಂದಾಗ ಗಾಡಿ ನಿಲ್ಲಿಸುವ ಕೆಲಸವನ್ನು ಮಾತ್ರ ರೇಡಿಯೊಗೆ ವಹಿಸಕೂಡದು. ಅದು ಪ್ರಮಾಣಿತ ಸುರಕ್ಷತಾ ಸ್ಕ್ಯಾನರಿನ ಹೊಣೆ.

ಐಐಟಿ ಧಾರವಾಡ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಈ ಶೆಡ್ಡುಗಳ ಮಗ್ಗುಲಲ್ಲೇ ಇವೆ, ಪರೀಕ್ಷೆಯನ್ನು ಅವು ಇಲ್ಲೇ ನಡೆಸಬಹುದು. ಖಾಲಿ ಪ್ರಯೋಗಶಾಲೆಯ ಸರಾಸರಿ ದೋಷ ಇಲ್ಲಿ ಹೆಚ್ಚೇನನ್ನೂ ತಿಳಿಸದು. ನೂರರಲ್ಲಿ ಅತಿ ಕೆಟ್ಟ ಒಂದು ಅಳತೆ ಎಷ್ಟು ತಪ್ಪಿತು, ಎಷ್ಟು ಹೊತ್ತು ತಪ್ಪಾಗಿಯೇ ಉಳಿಯಿತು ಎಂಬುದು ಬೇಕು. ಸೆಕೆಂಡಿಗೆ 1 ಮೀಟರ್ ಓಡುವ ಗಾಡಿ ಮೂರು ಸೆಕೆಂಡು ತಪ್ಪು ನಂಬಿದರೆ 3 ಮೀಟರ್ ದಾಟಿರುತ್ತದೆ. ಶೆಡ್ಡು ಖಾಲಿಯಿದ್ದಾಗ ನೆಲದ ಮೇಲೆ ಗುರುತು ಹಾಕಿ ಅಳೆದ ಬಿಂದುಗಳನ್ನೇ, ಬೋಗಿಗಳನ್ನು ಒಳಗೆ ತಳ್ಳಿ ನಿಲ್ಲಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕು.