ಹಳೆಯ ದೂರದರ್ಶಕಕ್ಕೆ ಹೊಸ ವಿದ್ಯುತ್ ತಂತಿ: ಜೋಡಿಸುವ ಮುನ್ನ

ಅಮೆರಿಕದಿಂದ ಬಂಧುಗಳು ತಂದ ಹಳೆಯ ದೂರದರ್ಶಕಕ್ಕೆ ಹೊಂದುವ ವಿದ್ಯುತ್ ತಂತಿ ಹುಲ್ಲಹಳ್ಳಿಯಂತಹ ಊರಿನಲ್ಲಿಯೂ ದೊರೆತೀತು. ಆದರೆ ಅದನ್ನು ನೇರವಾಗಿ ಜೋಡಿಸುವುದು ಸಲ್ಲದು. 1970ರ ದಶಕದಲ್ಲಿ ಅಲ್ಲಿ ಮಾರಾಟವಾದ ಸೆಲೆಸ್ಟ್ರಾನ್ ಸಿ-8ರ ಮೋಟಾರು 115 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗೆ ರೂಪಿತವಾದುದು. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್, ಮೋಟಾರು ಸುಟ್ಟುಹೋಗಬಹುದು.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ತಗ್ಗಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸದು. ಆಗ ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ಗಂಟೆಗೆ 15 ಡಿಗ್ರಿ ಸರಿಯುವ ನಕ್ಷತ್ರಗಳಿಗಿಂತ ದೂರದರ್ಶಕವು ಎರಡೂವರೆ ಡಿಗ್ರಿ, ಅಂದರೆ ಐದು ಪೂರ್ಣಚಂದ್ರರ ಅಗಲದಷ್ಟು, ಹಿಂದೆ ಬೀಳುತ್ತದೆ.

ಇದಕ್ಕೆ ಪರಿಹಾರ, 12 ವೋಲ್ಟ್ ಬ್ಯಾಟರಿಯಿಂದ 115 ವೋಲ್ಟ್, 60 ಹರ್ಟ್ಸ್ ನೀಡುವ ಇನ್ವರ್ಟರ್. ಮೀಡ್ ಎಲ್‌ಎಕ್ಸ್-200ರಂತಹ ಡಿ.ಸಿ. ಉಪಕರಣಗಳಿಗಾದರೆ, ಅವುಗಳ ಮೇಲೆ ನಮೂದಿಸಿದ ವೋಲ್ಟೇಜ್ ಹಾಗೂ ಧನ-ಋಣ ಚಿಹ್ನೆಗಳನ್ನು ಪರಿಶೀಲಿಸಿಯೇ ಅಡಾಪ್ಟರ್ ಕೊಳ್ಳುವುದು ಕ್ಷೇಮ.